ಅತ್ತೆಯ ಸಂಚಿ ಆಸ್ಟ್ರೇಲಿಯಾದಲ್ಲಿದೆ

ಮೂರು ದಿನದಿಂದ ಅತ್ತೆ ನನ್ನ ಹತ್ತಿರ ಮುಖ ಕೊಟ್ಟು ಮಾತಾಡುತ್ತಿಲ್ಲ. ಕಾರಣ ಕಾಂಗರೂ.

ಸೋಮವಾರ ರಾತ್ರಿ 8.50ಕ್ಕೆ ಮಗಳ ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ಒಂದೊಂದು ಕ್ಲಾಸಿಗೆ ಒಂದೊಂದು ದೇಶವಂತೆ, ಮೂರನೇ ಕ್ಲಾಸಿನ ಪಾಲಿಗೆ ಆಸ್ಟ್ರೇಲಿಯಾ. ಮಕ್ಕಳು ಅಲ್ಲಿನ ಒಂದು ಪ್ರಾಣಿಯ ವೇಷ ಹಾಕಿಕೊಂಡು ಬರಬೇಕು, ಅದರ ಬಗ್ಗೆ ಮೂರು ವಾಕ್ಯ ಇಂಗ್ಲಿಷಿನಲ್ಲಿ ಹೇಳಬೇಕು, ಜೊತೆಗೊಂದು ಚಾರ್ಟ್. ಯಾವಾಗ? ನಾಳೆ. ಅದರ ಪಕ್ಕ ಒಂದು ನಗುವ ಮುಖ ಬೇರೆ. ಎರಡೇ ನಿಮಿಷದಲ್ಲಿ ಎಲ್ಲ ಅಮ್ಮಂದಿರೂ 'ಓಕೆ ಮಿಸ್' ಹಾಕಿದರು. ಬೈದುಕೊಂಡೇ ನಾನೂ ಹಾಕಿದೆ.

ಹೊರಗೆ ಪುಷ್ಯ ಮಳೆ ಜಡಿಯುತ್ತಿತ್ತು. ಕರೆಂಟು ಸಂಜೆಯೇ ಹೋಗಿತ್ತು. ತೀರ್ಥಹಳ್ಳಿ ಪೇಟೆಯ ಅಂಗಡಿಗಳು ಅಷ್ಟೊತ್ತಿಗೆ ಬಾಗಿಲು ಹಾಕಿರುತ್ತವೆ. ಬಾಡಿಗೆ ವೇಷ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು, 60 ಕಿಲೋಮೀಟರ್. ಗಂಡನ ಮುಖ ನೋಡಿದೆ. ಅವರು ಟಾರ್ಚ್ ಹಿಡಿದು ಸುಮ್ನೆ ಕೊಟ್ಟಿಗೆ ಕಡೆ ನಡೆದರು. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಏನು ಕೆಲಸ ಅಂತ ದನಗಳಿಗೂ ಗೊತ್ತಿರಲಿಲ್ಲ.

ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಪ್ರಾಣಿ ಹುಡುಕತೊಡಗಿದೆ. ಆ ಮೂಲೆಯಲ್ಲೇ ಮಾವನ ಆರಾಮ ಕುರ್ಚಿ. ಮಾವನಿಗೊಂದು ಅಭ್ಯಾಸ. ಯಾವ ಪ್ರಾಣಿಯ ಹೆಸರು ಹೇಳಿದರೂ ಅವರದ್ದು ಒಂದೇ ಪ್ರಶ್ನೆ: "ತೋಟಕ್ಕೆ ಬರ್ತದಾ?" ಲೋಕದ ಜೀವಿಗಳನ್ನೆಲ್ಲ ಅವರು ಇದೊಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಅವರ ಲೆಕ್ಕದಲ್ಲಿ ಹುಲಿ ಸಜ್ಜನ. ಅಡಿಕೆ ಮುಟ್ಟುವುದಿಲ್ಲ, ಹಂದಿ ತಿನ್ನುತ್ತದೆ.

"ಕಾಂಗರೂ ಒಂದು ಸಲ ಹಾರಿದರೆ 8 ಮೀಟರ್ ದಾಟುತ್ತದಂತೆ ಮಾವ."

"ಹಂಗಾದ್ರೆ ಸೋಲಾರ್ ಬೇಲಿ ಎಂತಕ್ಕೂ ಸಾಲ."

"ಕೊಆಲಾ ಅಂತ ಇದೆ. ದಿನಕ್ಕೆ 18-20 ಗಂಟೆ ಮಲಗಿರುತ್ತದೆ. ನೀಲಗಿರಿ ಸೊಪ್ಪು ಬಿಟ್ಟರೆ ಬೇರೆ ಏನೂ ಜಾಸ್ತಿ ತಿನ್ನಲ್ಲ."

"ಪಾಪ, ಒಳ್ಳೇದು. ಇರ್ಲಿ ಬಿಡು."

ಪ್ಲಾಟಿಪಸ್ ಹತ್ತಿರ ಬಂದಾಗ ಮಾತ್ರ ಮಾವ ಎದ್ದು ಕೂತರು. ಬಾತಿನ ಕೊಕ್ಕು, ಮೈತುಂಬ ಕೂದಲು, ಮೊಟ್ಟೆ ಇಡುತ್ತದೆ, ಮರಿಗೆ ಹಾಲೂ ಕುಡಿಸುತ್ತದೆ ಅಂತ ಓದಿದೆ. "ಯಾರೋ ನಿಂಗೆ ಟೋಪಿ ಹಾಕಿದಾರೆ ಮಾರಾಯ್ತಿ" ಅಂದರು. ಅವರದ್ದೂ ತಪ್ಪಲ್ಲ. 1799ರಲ್ಲಿ ಇದರ ಒಣಗಿದ ಚರ್ಮ ನೋಡಿದ ಇಂಗ್ಲೆಂಡಿನ ಪಂಡಿತರಿಗೂ ಯಾರೋ ಬಾತಿನ ಕೊಕ್ಕು ತಂದು ಹೊಲಿದಿರಬೇಕು ಅನ್ನುವ ಅನುಮಾನ ಬಂದಿತ್ತು.

ಇನ್ನು ಎಮು. ಇದನ್ನು ಹೇಳಲೇಬಾರದಿತ್ತು. 1932ರಲ್ಲಿ ಎಮು ಹಕ್ಕಿಗಳು ಗೋಧಿ ಹೊಲಕ್ಕೆ ನುಗ್ಗುತ್ತವೆ ಅಂತ ಆಸ್ಟ್ರೇಲಿಯಾ ಸರ್ಕಾರ ಮಷಿನ್ ಗನ್ ಕೊಟ್ಟು ಸೈನಿಕರನ್ನೇ ಕಳಿಸಿತ್ತು. ಎಮುಗಳು ದಿಕ್ಕುದಿಕ್ಕಿಗೆ ಚದುರಿ ಓಡಿದವು, ಕೊನೆಗೆ ಸೈನಿಕರೇ ವಾಪಸ್ ಹೋದರು. ಮಾವನ ಮುಖ ಕತ್ತಲಲ್ಲೂ ಹೊಳೆಯಿತು. "ಮಿಲಿಟ್ರಿಯವರ ಕೈಲೇ ಆಗ್ಲಿಲ್ಲ! ನಾನೊಬ್ಬ ಮುದುಕ ಪಟಾಕಿ ಹೊಡ್ಕಂಡು ಈ ಮಂಗನ ಎಂತ ಮಾಡದು?" ಅತ್ತೆಯನ್ನು ಕರೆದು ಇದನ್ನು ಮೊದಲಿಂದ ಹೇಳಿದರು. ಕೊಟ್ಟಿಗೆಯಿಂದ ಬಂದ ಮಗನಿಗೆ ಮತ್ತೊಮ್ಮೆ ಹೇಳಿದರು. ಪಕ್ಕದ ಮನೆಗೆ ಫೋನ್ ಮಾಡಿಯೂ ಹೇಳಿದರು. ಗಂಟೆ ಹತ್ತಾಯಿತು. ನನ್ನ ಕೈಯಲ್ಲಿ ಇನ್ನೂ ಒಂದು ಪ್ರಾಣಿಯಿಲ್ಲ.

ಕೊನೆಗೆ ಕಾಂಗರೂವೇ ಗಟ್ಟಿಯಾಯಿತು. ಕಂದು ಬಣ್ಣಕ್ಕೆ ಹತ್ತಿರದ್ದು ಮನೆಯಲ್ಲಿ ಮಾವನ ಕಂಬಳಿ ಒಂದೇ. ಅದನ್ನೇ ಕೊಪ್ಪೆ ಮಾಡಿ ಮಗಳಿಗೆ ಹೊದಿಸಿ ಪಿನ್ನು ಚುಚ್ಚಿದೆ. ಗಂಡನ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಳಗೆ ಅಡಿಕೆ ಸಿಪ್ಪೆ ತುಂಬಿ ಬಾಲ ಹೊಲಿದೆ. ಉಳಿದದ್ದು ಹೊಟ್ಟೆಯ ಚೀಲ. ಹುಟ್ಟಿದಾಗ ಕಾಂಗರೂ ಮರಿ ಬರೀ 2-3 ಸೆಂಟಿಮೀಟರ್ ಇರುತ್ತದೆ, ಆಮೇಲೆ ಚೀಲದೊಳಗೇ ತಿಂಗಳುಗಟ್ಟಲೆ ಬೆಳೆಯುತ್ತದೆ ಅಂತ ಓದಿದಾಗ ಅತ್ತೆ ಕರಗಿಹೋದರು. "ಅಯ್ಯೋ, ಅಡಿಕೆಗಿಂತ ಸಣ್ಣದಾ!" ಅದೇ ಕರುಣೆಯಲ್ಲಿ ತಮ್ಮ ಎಲೆ ಅಡಿಕೆ ಸಂಚಿ ಬಿಚ್ಚಿ ಕೊಟ್ಟರು. ಹೊಗೆಸೊಪ್ಪು ಮಾತ್ರ ನಾನು ರಾತ್ರಿಯೇ ತೆಗೆದಿಟ್ಟೆ. ಪುಣ್ಯ.

ಚಾರ್ಟಿಗೆ ಅಲ್ಲಿನ ಮರಗಳೂ ಬೇಕಿತ್ತು. ಇದೊಂದಕ್ಕೆ ಮಾತ್ರ ನಾನು ಒದ್ದಾಡಲಿಲ್ಲ. ಬೆಳಿಗ್ಗೆ ಛತ್ರಿ ಹಿಡಿದು ರಸ್ತೆ ಬದಿಗೆ ಹೋದೆ. ನೀಲಗಿರಿ ಅಲ್ಲಿಯದ್ದೇ, ಅಕೇಶಿಯಾವೂ ಅಲ್ಲಿಯದ್ದೇ. ನಾವು ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಕೂಡ ಅಲ್ಲಿಂದಲೇ ಬಂದದ್ದು. ಭದ್ರಾವತಿಯ ಕಾಗದದ ಕಾರ್ಖಾನೆಗೆ ಅಂತ ನಮ್ಮ ಗುಡ್ಡಗಳ ಮೇಲೆ ನೆಟ್ಟದ್ದನ್ನೆಲ್ಲ ಲೆಕ್ಕ ಹಾಕಿದರೆ ಅರ್ಧ ಆಸ್ಟ್ರೇಲಿಯಾ ಇಲ್ಲೇ ಇದೆ. ಕಾಂಗರೂ ಒಂದು ಬರುವುದು ಬಾಕಿ. ಮಾವನಿಗೆ ಇದನ್ನು ಹೇಳಲಿಲ್ಲ, ಮತ್ತೆ ಬೇಲಿಯ ಮಾತು ಶುರುವಾಗುತ್ತಿತ್ತು.

ಹತ್ತು ಗಂಟೆಗೆ ಶಾಲೆಯಲ್ಲಿ ಕಾರ್ಯಕ್ರಮ. ಶಿವಮೊಗ್ಗದಿಂದ ಬಾಡಿಗೆಗೆ ತಂದ ಕಾಂಗರೂಗಳು ಆಗಲೇ ಮೂರಿದ್ದವು. ರಾತ್ರಿ 8.50ರ ಮೆಸೇಜು ನೋಡಿ ಅವರು ಯಾವಾಗ ಹೋಗಿ ತಂದರೋ, ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಕಂಬಳಿ ವಾಸನೆಯ ಕಾಂಗರೂ ನಮ್ಮದೊಂದೇ. ಮಗಳು ಮೂರು ವಾಕ್ಯ ಸರಿಯಾಗೇ ಹೇಳಿದಳು. ಮೂರನೆಯದು, ಕಾಂಗರೂ ಹಿಂದಕ್ಕೆ ಹಾರಲಾರದು ಅಂತ. ಮಿಸ್ ಖುಷಿಯಾಗಿ, "ವೆರಿ ಗುಡ್! ವಾಟ್ ಈಸ್ ಇನ್ ಯುವರ್ ಪೌಚ್?" ಅಂದರು. ಮರಿಯ ಹೆಸರು ಜೋಯಿ ಅಂತ ರಾತ್ರಿ ಹತ್ತು ಸಲ ಹೇಳಿಕೊಟ್ಟಿದ್ದೆ. ಆದರೆ ನನ್ನ ಮಗಳು ಸುಳ್ಳು ಹೇಳುವವಳಲ್ಲ. ಸಂಚಿಗೆ ಕೈ ಹಾಕಿದಳು. ಮೊದಲು ಅಡಿಕೆ ಹೋಳು ಬಂತು. ಆಮೇಲೆ ಅಡಕತ್ತರಿ. ಕೊನೆಗೆ ಒಂದು ಸಣ್ಣ ಡಬ್ಬಿ ಎತ್ತಿ ಹಿಡಿದು ಮೈಕಿನಲ್ಲಿ, "ಅಜ್ಜಿ ಸುಣ್ಣ" ಅಂದಳು.

ನಗು ನಿಲ್ಲಲು ಸುಮಾರು ಹೊತ್ತು ಬೇಕಾಯಿತು. "ಓಕೆ ಪುಟ್ಟಾ, ಹಿಂದೆ ಹೋಗು" ಅಂದರು ಮಿಸ್. ಅವಳು ಕದಲಲಿಲ್ಲ. "ಕಾಂಗರೂ ಹಿಂದೆ ಹೋಗಲ್ಲ ಮಿಸ್."

ನಾನೇ ಹೋಗಿ ಬಾಲ ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಅಡಿಕೆ ಸಿಪ್ಪೆ ಉದುರಿತು.

ನಾವು ಸರ್ಕಾರಿ ಶಾಲೆಯಲ್ಲಿ ಓದುವಾಗ ಮೇಷ್ಟ್ರು ಬೋರ್ಡಿನ ಮೇಲೆ ಕಾಂಗರೂ ಬರೆದಿದ್ದರು. ಅದು ಎರಡು ಕಾಲಿನ ಮೇಲೆ ನಿಂತ ಕಂತ್ರಿ ನಾಯಿಯ ಹಾಗಿತ್ತು, ನಾವು ಹಾಗೇ ನಂಬಿದೆವು. ಆದರೆ ದಾರಿಯಲ್ಲಿ ಕಂಡ ಪ್ರಾಣಿಯನ್ನು ನಮಗೆ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿರಲಿಲ್ಲ. ಆವತ್ತು ಸಂಜೆ ಮನೆಯ ಹಿಂದಿನ ಹಲಸಿನ ಮರದಲ್ಲಿ ಕೆಂಜಳಿಲು ಒಂದು ಉದ್ದ ಬಾಲ ಇಳಿಬಿಟ್ಟು ಕೂತಿತ್ತು. ಮಗಳು ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಅಮ್ಮಾ, ಇದು ಯಾವ ದೇಶದ್ದು?"

ನಮ್ಮ ವೇಷ ಮಾತ್ರ ಮಿಸ್‌ಗೆ ಬಹಳ ಹಿಡಿಸಿತಂತೆ. ಶನಿವಾರದ ತನಕ ಕ್ಲಾಸಿನ 'ಆಸ್ಟ್ರೇಲಿಯಾ ಕಾರ್ನರ್'ನಲ್ಲಿ ಇಡುತ್ತೇವೆ ಅಂತ ಮತ್ತೊಂದು ಮೆಸೇಜ್. ಎಲ್ಲರೂ ಚಪ್ಪಾಳೆ ಹಾಕಿದರು. ನಾನೂ ಹಾಕಿದೆ.

ಮಾವ ಈಗ ಛತ್ರಿ ಹಿಡಿದುಕೊಂಡು ತೋಟಕ್ಕೆ ಹೋಗುತ್ತಿದ್ದಾರೆ. ಒಂದು ಕೈ ಛತ್ರಿಗೇ ಹೋಯಿತು, ಪಟಾಕಿಗೆ ಬೆಂಕಿ ಹೇಗೆ ಕೊಡೋದು ಅಂತ ನನ್ನನ್ನೇ ಕೇಳುತ್ತಾರೆ. ಮಂಗಗಳಿಗೆ ಸುದ್ದಿ ತಲುಪಿದ ಹಾಗಿದೆ. ಅತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಊಟ ಆದ ಮೇಲೆ ಅದನ್ನು ಬೇಕೆಂದೇ ನನ್ನ ಎದುರು ಸರಬರ ಅನ್ನಿಸುತ್ತಾರೆ. ಇವತ್ತು ಬೆಳಿಗ್ಗೆ ಮಾತ್ರ ನನ್ನನ್ನು ನೋಡದೆ, ಒಲೆಯನ್ನು ನೋಡಿಕೊಂಡು ಕೇಳಿದರು:

"ಆ ಆಸ್ಟ್ರೇಲಿಯಾದಿಂದ ನನ್ನ ಸಂಚಿ ಬರೋದು ಯಾವತ್ತು?"