ಹಿಂದಿನ ಸೀಟಿನ ಅಂಬಿಗ

ಇದನ್ನು ಎಡಗೈಯ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ಬಲಗೈ ಎತ್ತಿದರೆ ಭುಜ ಬೊಬ್ಬೆ ಹೊಡೆಯುತ್ತದೆ. ಬೆಳಿಗ್ಗೆ ನೀರ್‌ದೋಸೆ ಹರಿದುಕೊಡಲಿಕ್ಕೂ ಹೆಂಡತಿ ಬೇಕಾಯಿತು. ನೀರ್‌ದೋಸೆ ಸ್ವಾಮಿ, ಚಪಾತಿ ಅಲ್ಲ!

ಕಾರಣ ಭಾವ. ಬೆಂಗಳೂರಿಂದ ನೆಂಟರು ಬಂದರೆ ಕೃಷ್ಣಮಠ, ಮಲ್ಪೆ ಬೀಚು, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಮ್ ಅಂತ ನಮ್ಮದೊಂದು ರೂಟ್ ಇರುತ್ತದೆ ಅಲ್ವಾ? ಈಗ ಅದಕ್ಕೆ ಕಯಾಕಿಂಗೂ ಸೇರಿದೆ. ಹಾಗಾಗಿ ಭಾನುವಾರ ಕೆಮ್ಮಣ್ಣು, ಸ್ವರ್ಣಾ ನದಿ. ಮೊದಲೆಲ್ಲ ದುಡ್ಡು ಕೊಟ್ಟರೆ ಅಂಬಿಗ ಹುಟ್ಟು ಹಾಕುತ್ತಿದ್ದ. ಈಗ ದುಡ್ಡೂ ನಮ್ಮದೇ, ಬೆವರೂ ನಮ್ಮದೇ.

"ಮುಂದೆ ಕೂತವರು ಒಂದೇ ಲೆಕ್ಕದಲ್ಲಿ ಹುಟ್ಟು ಹಾಕಿ, ಹಿಂದಿನವರು ಅದೇ ಲೆಕ್ಕ ಹಿಡಿದು ದಿಕ್ಕು ನೋಡಿ" ಅಂದ ಅಲ್ಲಿನ ಹುಡುಗ. ಭಾವನಿಗೆ ಕೇಳಿಸಿದ್ದು 'ದಿಕ್ಕು ನೋಡಿ' ಅನ್ನುವುದು ಮಾತ್ರ. ಹೋಗಿ ಹಿಂದೆ ಕೂತರು. ಮೂರು ವಿಡಿಯೋ ನೋಡಿದ ಅನುಭವ ಬೇರೆ.

"ಬಲಕ್ಕೆ ಮಾರಾಯ, ಬಲಕ್ಕೆ."

ನಾನು ಎಷ್ಟು ಹಾಕಿದರೂ ದೋಣಿ ಎಡಕ್ಕೇ ತಿರುಗುತ್ತಿತ್ತು. ತೂಗುಸೇತುವೆ ಒಮ್ಮೆ ಎದುರಿಗೆ ಬಂತು, ಒಮ್ಮೆ ಬೆನ್ನಿಗೆ ಹೋಯಿತು, ಮತ್ತೆ ಎದುರಿಗೆ ಬಂತು. ಸೇತುವೆಯ ಮೇಲೆ ಸೆಲ್ಫಿ ತೆಗೆಯುತ್ತಿದ್ದವರು ಸೆಲ್ಫಿ ಬಿಟ್ಟು ನಮ್ಮನ್ನೇ ನೋಡತೊಡಗಿದರು.

"ಟೆಕ್ನಿಕ್ ಇಲ್ಲ ನಿನಗೆ. ಸೊಂಟದಿಂದ ತಿರುಗಬೇಕು."

"ಭಾವ, ನೀವೂ ಹಾಕ್ತಿದ್ದೀರಲ್ವಾ?"

"ಮತ್ತೆಂತ! ಪೂರ್ತಿ ಬ್ಯಾಲೆನ್ಸ್ ಮಾಡ್ತಿರೋದು ನಾನೇ."

ಕಯಾಕಿನಲ್ಲಿ ಹಿಂದೆ ತಿರುಗಿ ನೋಡಲು ಆಗುವುದಿಲ್ಲ. ನೋಡಲು ಹೋದರೆ ಇಬ್ಬರೂ ನೀರಿಗೆ. ಹಾಗಾಗಿ ನಂಬಿದೆ.

ಹಾಗೇ ಸುತ್ತುತ್ತಾ ಸುತ್ತುತ್ತಾ ಕಾಂಡ್ಲಾ ಗಿಡಗಳ ಬುಡಕ್ಕೆ ಹೋಗಿ ಸಿಕ್ಕಿಬಿದ್ದೆವು. ಸಮುದ್ರ ಹತ್ತಿರವಿರುವ ಹೊಳೆ ಇದು, ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹಿಂದಿನ ದಿನ ಹುಣ್ಣಿಮೆ ಬೇರೆ, ಇಳಿತ ಜೋರಿತ್ತು. ನೋಡನೋಡುತ್ತಿದ್ದಂತೆ ದೋಣಿಯ ಅಡಿ ಕೆಸರಿಗೆ ತಾಗಿತು. ದಿಕ್ಕು ನೋಡುತ್ತಿದ್ದವರು ಆಗ "ಹೆಲ್ಪ್! ಹೆಲ್ಪ್!" ಅಂತ ಇಂಗ್ಲಿಷಿನಲ್ಲೇ ಕಿರುಚಿದರು. ನನಗೂ ಯಾಕೋ ಎದೆ ಧಸಕ್ಕೆಂದಿತು. ನಾನೂ ಕೂಗಿದೆ.

ಹತ್ತು ಮಾರು ಆಚೆ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿಕೊಂಡು, ಬುಟ್ಟಿ ಹಿಡಿದು ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ಬಗ್ಗಿದ್ದವರು ತಲೆ ಎತ್ತಿ ನಮ್ಮಿಬ್ಬರ ಲೈಫ್ ಜಾಕೆಟ್ ನೋಡಿದರು. ತಮ್ಮ ಮೊಣಕಾಲು ನೋಡಿಕೊಂಡರು.

"ಎಂತ ಮಾರಾಯ್ರೆ, ಇಳಿದು ನಡೀರಿ."

ಇಳಿದೆವು. ಭಾವನ ಹೊಸ ಚಪ್ಪಲಿಯಲ್ಲಿ ಒಂದನ್ನು ಕೆಸರು ನುಂಗಿತು. ಅದೊಂದೇ ಸಮಾಧಾನ.

ಚಿಕ್ಕವನಿದ್ದಾಗ ಇದೇ ಹೊಳೆ ದಾಟಿ ಕುದ್ರುವಿನ, ಅಂದರೆ ಹೊಳೆ ನಡುವಿನ ದ್ವೀಪದ, ಅಜ್ಜಿಮನೆಗೆ ಹೋಗುತ್ತಿದ್ದೆ. ನೀರು ಎಷ್ಟು ಆಳ ಅಂತ ದಿನಾ ಕೇಳುತ್ತಿದ್ದೆ. ಅಂಬಿಗ ಬೇಸರವಿಲ್ಲದೆ ಗಳ ಮೇಲೆತ್ತಿ, ಒದ್ದೆಯಾದ ಗುರುತು ಬೆರಳಲ್ಲಿ ತೋರಿಸುತ್ತಿದ್ದ. ಗಳದಿಂದ ನೀರು ತೊಟ್ಟಿಕ್ಕಿ ನನ್ನ ಚಡ್ಡಿ ನೆನೆಯುತ್ತಿತ್ತು. ಮೊಣಕಾಲುದ್ದ ನೀರಿನಲ್ಲಿ ನಾನು ಬೊಬ್ಬೆ ಹೊಡೆದದ್ದನ್ನು ಅವನು ನೋಡಲಿಲ್ಲವಲ್ಲ, ಸದ್ಯ.

ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಭಾವನ ವಿಡಿಯೋ ಬಂತು. ಹನ್ನೊಂದು ನಿಮಿಷ! ಹನ್ನೊಂದು ನಿಮಿಷವೂ ನನ್ನ ಬೆನ್ನು. ಒಂದು ಕೈಯಲ್ಲಿ ಫೋನು ಹಿಡಿದಿದ್ದಾರೆ. ಇನ್ನೊಂದು ಕೈಯ ಹುಟ್ಟು ಎಡಗಡೆ ನೀರಲ್ಲಿ ಬ್ರೇಕಿನ ಹಾಗೆ ಎಳೆಯುತ್ತಾ ಬರುತ್ತಿದೆ, ಮೊದಲಿಂದ ಕೊನೆಯವರೆಗೂ. ಆ ಕಡೆಗೇ ನಾವು ತಿರುಗಿದ್ದು.

ಜೊತೆಗೊಂದು ಫೋಟೋ. ನಾನು ಏದುಸಿರು ಬಿಡುತ್ತಾ ಹುಟ್ಟು ಮಡಿಲಲ್ಲಿಟ್ಟು ಕೂತ ಅರ್ಧ ನಿಮಿಷದ್ದು. ಅದರ ಕೆಳಗೆ ಅಕ್ಕ ಬರೆದಿದ್ದಾಳೆ: "ಪಾಪ, ಇವರೊಬ್ಬರೇ ಹುಟ್ಟು ಹಾಕಿದ್ದಾ?"

ಭಾವ ಅದಕ್ಕೊಂದು ಕೈಮುಗಿದ ಇಮೋಜಿ ಹಾಕಿದ್ದಾರೆ.