ರೋಡ್ ಸರಿ ಹೋಗಲ್ಲ, ಫೋರ್ಕ್ ಉದ್ದ ಮಾಡ್ಕೊಳ್ಳಿ

ಬೆಂಗಳೂರಲ್ಲಿ ಬೈಕ್ ಓಡಿಸೋರಿಗೆ ಇರೋದು ಎರಡೇ ದಾರಿ. ಒಂದು, ಗುಂಡಿ ಮುಚ್ಚಿ ಅಂತ ಬಿಬಿಎಂಪಿಗೆ ಅರ್ಜಿ ಕೊಡೋದು. ಅಯ್ಯೋ ಸಾರಿ, ಅದು ಈಗ ಇಲ್ಲ, 2025ರಲ್ಲಿ ಅದನ್ನ ತೆಗೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮಾಡಿದ್ರು, ಅದರ ಕೆಳಗೆ ಐದು ಪಾಲಿಕೆ. ಮೊದಲು ಈ ಗುಂಡಿ ಯಾರದಪ್ಪಾ ಅಂದ್ರೆ ಒಬ್ರು ಜಲಮಂಡಳಿ ಕಡೆ ಕೈ ತೋರಿಸ್ತಿದ್ರು, ಈಗ ತೋರಿಸೋಕೆ ಐದು ಕೈ ಇದೆ, ಅಷ್ಟೇ ಅಭಿವೃದ್ಧಿ. ಇನ್ನೊಂದು ದಾರಿ ನಮ್ಮ ಏರಿಯಾ ಹುಡುಗರು ಕಂಡ್ಕೊಂಡಿರೋದು. ರೋಡ್ ಮೇಲೆ ಬರಲ್ವಾ, ಗಾಡೀನೇ ಮೇಲೆತ್ತು. ಜೆ.ಸಿ. ರೋಡಿಗೆ ಹೋಗಿ ಉದ್ದದ ಫೋರ್ಕ್ ಪೈಪ್, ಅಂದ್ರೆ ಮುಂದಿನ ವೀಲ್ ಹಿಡ್ಕೊಂಡಿರೋ ಶಾಕ್ ಅಬ್ಸಾರ್ಬರ್ ಕೊಳವೆ, ತಗೊಂಡು ಬಾ, ಭಾನುವಾರ ಮನೆ ಮುಂದೆ ಕೂತು ಹಾಕು.

ಹಾಕೋ ಕೆಲಸ ಅಂಥಾ ಬ್ರಹ್ಮವಿದ್ಯೆ ಏನಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಇಂಜಿನ್ ಕೆಳಗೆ ಜಾಕೋ ಮರದ ದಿಮ್ಮಿನೋ ಕೊಟ್ಟು ಮುಂದಿನ ವೀಲ್ ಗಾಳೀಲಿ ನಿಲ್ಲಿಸ್ಬೇಕು, ಆಕ್ಸಲ್ ಬಿಚ್ಚಿ ವೀಲ್ ತೆಗೀಬೇಕು, ಡಿಸ್ಕ್ ಬ್ರೇಕ್ ಇದ್ರೆ ಡಿಸ್ಕ್ ಅಮುಕಿ ಹಿಡಿಯೋ ಕ್ಯಾಲಿಪರ್‌ನ ಹೋಸಲ್ಲಿ ನೇತಾಡೋಕೆ ಬಿಡದೆ ತಂತಿ ಸುತ್ತಿ ಫ್ರೇಮಿಗೆ ಕಟ್ಬೇಕು. ಮೇಲಿನ ಕ್ಯಾಪ್ ಬೋಲ್ಟನ್ನ ಫೋರ್ಕ್ ಇನ್ನೂ ಕ್ಲ್ಯಾಂಪಲ್ಲಿರೋವಾಗ್ಲೇ ಸ್ವಲ್ಪ ಲೂಸ್ ಮಾಡ್ಕೋಬೇಕು, ಹೊರಗೆ ತೆಗೆದ ಮೇಲೆ ಜಾರೋ ಪೈಪ್ ಹಿಡ್ಕೊಳ್ಳೋಕೆ ಮನೇಲಿ ಒಬ್ರೂ ಬರಲ್ಲ. ಒಳಗೆ ಸ್ಪ್ರಿಂಗ್ ಒತ್ಕೊಂಡು ಕೂತಿರುತ್ತೆ, ಮುಖ ಪಕ್ಕಕ್ಕಿಟ್ಟು ಬಿಚ್ಚೋದು ಒಳ್ಳೇದು. ಆಮೇಲೆ ಕಪ್ಪಗೆ ಫೋರ್ಕ್ ಆಯಿಲ್ ಬರುತ್ತೆ, ಅದನ್ನ ದಯವಿಟ್ಟು ಚರಂಡಿಗೆ ಸುರೀಬೇಡಿ, ನಿಮ್ಮ ರೋಡಲ್ಲಿ ಚರಂಡಿ ಅಂತ ಏನಾದ್ರೂ ಇದ್ರೆ.

ಎಲ್ಲರೂ ಸಿಕ್ಕಾಕ್ಕೊಳ್ಳೋದು ಫೋರ್ಕ್ ಬುಡದಲ್ಲಿರೋ ಅಲೆನ್ ಬೋಲ್ಟಲ್ಲಿ. ಕೀ ಹಾಕಿ ತಿರುಗಿಸಿದ್ರೆ ಒಳಗೆ ಫೋರ್ಕ್ ಕುಣಿತ ತಡೆಯೋ ಡ್ಯಾಂಪರ್ ರಾಡೂ ಜೊತೇಲೇ ತಿರುಗುತ್ತೆ, ಬಿಚ್ಕೊಳ್ಳೋದೂ ಇಲ್ಲ ಬಿಗಿಯಾಗೋದೂ ಇಲ್ಲ, ವಾರ್ಡ್ ಆಫೀಸಲ್ಲಿ ಕಂಪ್ಲೇಂಟ್ ಫೈಲ್ ತಿರುಗಿದ ಹಾಗೆ ಸುಮ್ನೆ ತಿರುಗ್ತಾನೇ ಇರುತ್ತೆ. ಅದನ್ನೂ ಗೆದ್ದು, ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪ್ ತುಂಡಲ್ಲಿ ಹೊಸ ಆಯಿಲ್ ಸೀಲ್ ತಟ್ಟಿ ಕೂರಿಸಿ, ಎರಡೂ ಕಡೆ ಒಂದೇ ಅಳತೆ ಆಯಿಲ್ ಹಾಕಿ, ಗಾಡಿ ಕೆಳಗಿಳಿಸಿದ್ರೆ ಅಬ್ಬಾ, ಮೂತಿ ಮೇಲೆತ್ಕೊಂಡು ನಿಂತಿರುತ್ತೆ ನೋಡಿ, ಇಡೀ ಬೀದಿ ಬಂದು ಸೆಲ್ಫಿ ತಗೊಂಡು ಹೋಗುತ್ತೆ.

ಈಗ ಒಂದು ವಿಷ್ಯ ಹೇಳಿದ್ರೆ ಹುಡುಗರು ಬೇಜಾರಾಗ್ತಾರೆ. ಪೈಪ್ ಉದ್ದ ಆದ ಮಾತ್ರಕ್ಕೆ ಸಸ್ಪೆನ್ಷನ್ ಟ್ರಾವೆಲ್ ಜಾಸ್ತಿ ಆಗಲ್ಲ. ಒಳಗಿನ ಡ್ಯಾಂಪರ್ ರಾಡ್, ಸ್ಪ್ರಿಂಗ್ ಹಳೇದೇ ಇದ್ರೆ ಫೋರ್ಕ್ ಮುಂಚೆ ಎಷ್ಟು ಒಳಗೆ ಹೋಗ್ತಿತ್ತೋ ಈಗ್ಲೂ ಅಷ್ಟೇ ಹೋಗೋದು, ಗಾಡಿ ಮಾತ್ರ ಎತ್ತರ, ಗುಂಡಿ ನುಂಗೋ ತಾಕತ್ತು ಮುಂಚಿನಷ್ಟೇ. ಒಂದು ಪಾಲಿಕೆ ಐದಾಯ್ತಲ್ಲ, ಅದೇ ಲೆಕ್ಕ ಇಲ್ಲೂ. ಇದರ ಮೇಲೆ ರೇಕ್, ಅಂದ್ರೆ ಫೋರ್ಕಿನ ಓರೆ, ಹಿಂದಕ್ಕೆ ವಾಲಿ ಟ್ರೇಲ್ (ಹ್ಯಾಂಡಲ್ ತಿರುಗೋ ಗೆರೆ ನೆಲ ಮುಟ್ಟೋ ಜಾಗಕ್ಕೂ ಟೈರ್ ನೆಲ ಮುಟ್ಟೋ ಜಾಗಕ್ಕೂ ಇರೋ ದೂರ) ಜಾಸ್ತಿ ಆಗುತ್ತೆ, ಸಿಗ್ನಲ್ ಹತ್ರ ನಿಧಾನಕ್ಕೆ ತಿರುಗಿಸಿದ್ರೆ ಹ್ಯಾಂಡಲ್ ಧೊಪ್ಪಂತ ಒಂದು ಕಡೆ ಬೀಳುತ್ತೆ, ಬ್ರೇಕ್ ಹೋಸು ಕ್ಲಚ್ ಕೇಬಲ್ಲು ಸಾಲದೆ ಬಿಗೀತಾವೆ. ಹೆಡ್‌ಲೈಟ್ ಅಂತೂ ರೋಡ್ ಬಿಟ್ಟು ನೇರ ಹೊಂಗೆ ಮರದ ತುದೀಲಿರೋ ಕಾಗೆ ಗೂಡಿಗೆ ಬೆಳಕು ಕೊಡುತ್ತೆ. ಒಂದ್ ಲೆಕ್ಕಕ್ಕೆ ಅದೂ ಒಳ್ಳೇದೇ ಬಿಡಿ, ಗುಂಡಿ ಕಾಣ್ಸಲ್ಲ, ಕಾಣ್ಸದೇ ಇದ್ಮೇಲೆ ಭಯ ಎಲ್ಲಿಂದ ಬರುತ್ತೆ.

ಆದ್ರೆ ಕಾನೂನಿಗೆ ಕಾಣುತ್ತೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಗೆ ಮಾಡಿ ಕೊಟ್ಟಿದೆಯೋ ಗಾಡಿ ಹಾಗೇ ಇರ್ಬೇಕು, 2019ರ ಜನವರೀಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳ್ತು. ಫೋರ್ಕ್ ಉದ್ದ ಆದ್ರೆ ವೀಲ್‌ಬೇಸ್, ಅಂದ್ರೆ ಎರಡು ವೀಲ್‌ಗಳ ನಡುವಿನ ದೂರ, ಬದಲಾಗುತ್ತೆ, ವೀಲ್‌ಬೇಸ್ ಎಷ್ಟು ಅಂತ ಆರ್‌ಸೀಲಿ ಮಿಲಿಮೀಟರ್ ಲೆಕ್ಕದಲ್ಲಿ ಬರ್ದಿರ್ತಾರೆ. ಮಿಲಿಮೀಟರ್ ಸ್ವಾಮಿ! ಮನಬಂದಂತೆ ಮಾರ್ಪಾಡು ಮಾಡಿಸ್ಕೊಂಡ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಯಾರಿಗೂ ಏಟಾಗ್ಬೇಕು ಅಂತಿಲ್ಲ, ಗಾಡಿ ಸುಮ್ನೆ ನಿಂತಿದ್ರೂ ಆಯ್ತು.

ಹಂಗಾದ್ರೆ ರೋಡಿಗೆ? ಇದೆ, ಅದಕ್ಕೂ ಇದೆ, 2019ರಲ್ಲೇ ಸೇರಿಸಿದ 198ಎ ಅಂತ. ರೋಡ್ ಮಾಡಿದ ಕಂಟ್ರಾಕ್ಟರ್ರು, ನೋಡ್ಕೊಳ್ಳೋ ಇಲಾಖೆ ಮಾನದಂಡ ಪಾಲಿಸದೆ, ಅದರಿಂದ ಒಬ್ಬ ಸತ್ರೆ ಅಥವಾ ಅಂಗವಿಕಲ ಆದ್ರೆ, ಒಂದು ಲಕ್ಷದವರೆಗೆ ದಂಡ. ಜೈಲು ಪೈಲು ಆ ಸೆಕ್ಷನಲ್ಲಿಲ್ಲ. ಅಂದ್ರೆ ನನ್ನ ಫೋರ್ಕ್ ಉದ್ದ ಆದ್ರೆ ಅದೇ ಅಪರಾಧ, ಅವರ ಗುಂಡಿ ಆಳ ಆದ್ರೆ ಮೊದಲು ನಾನು ಅದರಲ್ಲಿ ಬಿದ್ದು ತೋರಿಸ್ಬೇಕು. ಇನ್ನೂ ಮಜಾ ಏನು ಗೊತ್ತಾ, ಕೋರ್ಟು ಇದನ್ನ ತೂಗಿ ನೋಡೋವಾಗ ರೋಡ್ ಯಾವ ಸ್ಥಿತೀಲಿರುತ್ತೆ ಅಂತ ಬಳಸೋರು ನಿರೀಕ್ಷೆ ಇಟ್ಕೊಂಡಿರ್ತಾರೋ ಅದನ್ನೂ ಪರಿಗಣಿಸ್ಬೇಕಂತೆ. ನಮ್ಮೂರಲ್ಲಿ ಯಾರನ್ನಾದ್ರೂ ಕಟಕಟೆಗೆ ಕರೆದು ಕೇಳಿ, ಸಿಲ್ಕ್ ಬೋರ್ಡ್ ಕಡೆ ಹೋಗೋವಾಗ ಏನು ನಿರೀಕ್ಷೆ ಮಾಡಿದ್ರಿ ಅಂತ. ಗುಂಡಿ ಸಾರ್ ಅಂತಾನೆ. ಕೇಸ್ ಖುಲಾಸೆ.

ಮಾನದಂಡ ಇಲ್ಲ ಅಂತಲ್ಲ. ರೋಡಿನ ಮಾನದಂಡ ಬರೆಯೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಲ್ಲಿ ಬಂದ್ರೆ ಆರಾಮಾಗಿ ದಾಟ್ಬೇಕು, ಮುಂಚೆನೇ ಬೋರ್ಡ್ ಇರ್ಬೇಕು, ಪೇಂಟ್ ಇರ್ಬೇಕು. ನಮ್ಮಲ್ಲಿ ಹಂಪ್ ಅಂದ್ರೆ ಮನೆ ಕಟ್ಟಿಸಿದವರ ಹತ್ರ ಮಿಕ್ಕ ಕಾಂಕ್ರೀಟು, ರಾತ್ರೋರಾತ್ರಿ ಅವರ ಗೇಟಿನ ಮುಂದೇನೇ ಹುಟ್ಕೊಳ್ಳುತ್ತೆ, ಎತ್ತರ ಮೇಸ್ತ್ರಿ ಕಣ್ಣಳತೆ. ಆ ಹಂಪಿಗೆ ಆರ್‌ಸಿ ಇಲ್ಲ, ಅದನ್ನ ತಡೆದು ನಿಲ್ಸಿ ಅಳತೆ ಟೇಪ್ ಹಿಡಿಯೋ ಇನ್ಸ್‌ಪೆಕ್ಟರೂ ಇಲ್ಲ.

ರೋಡ್ ರೋಲರ್ ಮಾತ್ರ ಇದೆ, ನಾನೇ ಕಣ್ಣಾರೆ ನೋಡಿದೀನಿ ಫೋಟೋದಲ್ಲಿ. ಪೊಲೀಸ್‌ನೋರು ಮಾಡಿಫೈಡ್ ಸೈಲೆನ್ಸರ್‌ಗಳನ್ನ ಸಾಲಾಗಿ ಮಲಗಿಸಿ ಅದರ ಮೇಲೆ ರೋಲರ್ ಹತ್ತಿಸ್ತಾರಲ್ಲ, ಆವಾಗ. ಸೈಲೆನ್ಸರ್ ಕಿರುಚಾಟ ನಿಲ್ಲಿಸಿದ್ದು ಒಳ್ಳೇದೇ ಆಯ್ತು, ನನಗೇನೂ ಕನಿಕರ ಇಲ್ಲ. ಆದ್ರೆ ರೋಲರ್ ಬಂದಿದ್ದೇ ಬಂದಿದ್ದು, ವಾಪಸ್ ಹೋಗೋವಾಗ ಪಕ್ಕದ ರೋಡಿಗೂ ಒಂದು ರೌಂಡ್ ಹಾಕಿ ಹೋಗ್ಬೋದಿತ್ತು.

ಇಷ್ಟೆಲ್ಲಾ ಆದ್ಮೇಲೂ ಪೈಪ್ ಹಾಕಿಯೇ ಹಾಕ್ತೀನಿ ಅನ್ನೋರಿಗೆ ಒಂದೇ ಮಾತು, ಹಳೇ ಪೈಪ್ ಗುಜರಿಗೆ ಹಾಕ್ಬೇಡಿ, ಆಯಿಲ್ ಬಟ್ಟೇಲಿ ಸುತ್ತಿ ಅಟ್ಟದ ಮೇಲಿಡಿ. 15 ವರ್ಷ ಆದ್ಮೇಲೆ ಆರ್‌ಸಿ ರಿನ್ಯೂವಲ್‌ಗೆ ಗಾಡಿ ತೋರಿಸ್ಬೇಕು, ಅವತ್ತು ಒರಿಜಿನಲ್ ಪೈಪ್ ವಾಪಸ್ ಹಾಕ್ಕೊಂಡು ಕಂಪನಿ ಕೊಟ್ಟ ಹೈಟಲ್ಲೇ ಸಭ್ಯವಾಗಿ ಹೋಗಿ. ಆರ್‌ಟಿಓ ಆಫೀಸಿನ ಗೇಟ್ ಮುಂದೆ ಒಂದು ಗುಂಡಿ ಇರುತ್ತೆ, ಅವತ್ತೊಂದಿನ ಅದನ್ನ ಸ್ವಲ್ಪ ನೋಡ್ಕೊಂಡು ದಾಟಿ.