ಕಾಕಾ ನಿಂತರೆ ಬೆಟ್ಟವೇ ನಿಂತಂತೆ

ಪುಣೆಯಲ್ಲಿ ಮಳೆಗಾಲದ ಭಾನುವಾರ ಮನೆಯಲ್ಲಿಯೇ ಉಳಿದವನನ್ನು ಕಂಡರೆ ಜ್ವರ ಬಂದಿದೆಯೇ ಎಂದು ನೆರೆಯವರು ವಿಚಾರಿಸುತ್ತಾರೆ. ಅದಕ್ಕೆ ಹೆದರಿ ಮೊನ್ನೆ ನಾನೂ ಸೊಸೈಟಿಯ ಕನ್ನಡಿಗರೊಂದಿಗೆ ರಾಜಗಡದ ಬೆಟ್ಟದ ಕೋಟೆ ಹತ್ತಿ ಬಂದೆ. ಮೊಣಕಾಲು ಇನ್ನೂ ಮಾತು ಕೇಳುತ್ತಿಲ್ಲವಾದರೂ ನನ್ನ ದೂರು ಅದರ ಮೇಲಲ್ಲ, ಕಾಕಾ ಅವರ ಮೇಲೆ.

ಕಾಕಾ ಧಾರವಾಡದವರು, ನಿವೃತ್ತ ಭೂಗೋಳದ ಮಾಸ್ತರರು. ಬೆಟ್ಟದ ಯಾವ ಅಂಗವನ್ನೂ ಹೆಸರು ಹಿಡಿದು ಕರೆಯದೆ ದಾಟಲು ಅವರು ಯಾರನ್ನೂ ಬಿಡುವುದಿಲ್ಲ. ಗುಂಜವಣೆಯಲ್ಲಿ ಗಾಡಿಯಿಂದ ಇಳಿದು "ಬುಡ ಬಂತು" ಎಂದವನನ್ನು ಅಲ್ಲಿಯೇ ತಡೆದು, ಇದು ತಪ್ಪಲು, ಏರು ಶುರುವಾಗುವ ಜಾಗ ಮಾತ್ರ ಬುಡ ಎಂದು ತಿದ್ದಿದರು. ಸ್ವಲ್ಪ ಮೇಲೆ ಹೋಗಿ ನಾನು ಏಣು ಎಂದದ್ದೂ ತಪ್ಪಾಯಿತು: ಬೆಟ್ಟದ ಬೆನ್ನು ಏಣು, ಅದರಿಂದ ಕವಲೊಡೆದು ಕೆಳಗಿಳಿಯುವುದನ್ನು ಇಲ್ಲಿಯವರು ಸೋಂಡ್, ಅಂದರೆ ಸೊಂಡಿಲು, ಎನ್ನುತ್ತಾರಂತೆ. ಏದುಸಿರು ಬಿಡುವವನಿಗೆ ಎರಡೂ ಒಂದೇ.

ಕೋಟೆಯ ಕಳ್ಳಬಾಗಿಲಾದ ಚೋರ್ ದರವಾಜಾದ ಕೆಳಗಿನ ಬಂಡೆಯಲ್ಲಿ ಕಬ್ಬಿಣದ ಕಂಬಿ ಹಿಡಿದು, ಹೆಬ್ಬೆರಳಿಗಷ್ಟೇ ಎಡೆಯಿರುವ ಸಂದಿಯಲ್ಲಿ ಕಾಲಿಟ್ಟು ಏರಬೇಕು. ಸರಿಯಾಗಿ ಅಲ್ಲಿಯೇ ಕಾಕಾ ನಿಂತರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ್ದನ್ನೂ, ಗಟ್ಟಿ ಪದರ ಕಡಾ, ಅಂದರೆ ಕಡಿದಾದ ಬಂಡೆಗೋಡೆ, ಆಗಿ ಉಳಿದು ಮೆದು ಪದರ ಸವೆದು ಜಗಲಿಯಾದದ್ದನ್ನೂ, ಅಂತಹ ಜಗಲಿಗೆ ಗೋಡೆ ಕಟ್ಟಿದಾಗ ಅದು ಮಾಚಿಯಾದದ್ದನ್ನೂ ಒಂದೇ ಕೈಯಲ್ಲಿ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಅಭಿನಯಿಸಿ ವಿವರಿಸತೊಡಗಿದರು. ಅವರ ಹಿಮ್ಮಡಿ ನನ್ನ ಮೂಗಿನ ನೇರಕ್ಕಿತ್ತು. ನನ್ನ ಹಿಂದೆ ಅರ್ಧ ಪುಣೆ ಸಾಲುಗಟ್ಟಿತ್ತು. ಕೆಳಗಿನಿಂದ ಯಾರೋ ಹೆಣ್ಣುಮಗಳು "ಕಾಕಾ, ಪುಢೇ ಚಲಾ!" ಎಂದು ಕೂಗಿದಳು. ಕಾಕಾ ಕತ್ತು ಹೊರಳಿಸಿ ಶಾಂತವಾಗಿ, "ಪುಢೇ ನಾಹೀ, ವರ" ಎಂದು ತಿದ್ದಿದರು. ಮುಂದೆ ಅಲ್ಲವಂತೆ, ಮೇಲೆ! ಆಕೆಯ ಮರುಮಾತನ್ನು ಇಲ್ಲಿ ಬರೆಯುವಂತಿಲ್ಲ. ಲಾವಾ ಇನ್ನೂ ಪೂರ್ತಿ ಆರಿರಲಿಲ್ಲ, ಆದರೂ ಕಾಕಾ ಹತ್ತಿದರು.

ಅವರದ್ದು ಪೂರಾ ತಪ್ಪೆನ್ನಲಾರೆ. ನಮ್ಮ ತಂಡದ ಹುಡುಗನೊಬ್ಬ ಫೋನಿನಲ್ಲಿ "ಮಾಚಿಯ ಮೇಲಿದ್ದೇನೆ" ಎಂದಷ್ಟೇ ಹೇಳಿದ್ದರಿಂದ ಪದ್ಮಾವತಿ ಮಾಚಿಯಲ್ಲಿ ನಾವು ಬಹಳ ಹೊತ್ತು ಕಾದೆವು. ರಾಜಗಡಕ್ಕೆ ಇರುವ ಮಾಚಿಗಳು ಮೂರು. ಆತ ಸುವೇಳಾ ಮಾಚಿಯಲ್ಲಿ, ಸೂಜಿಯ ಕಣ್ಣಿನಂತೆ ಬಂಡೆಯಲ್ಲಿ ತೂತಾಗಿರುವ ನೇಢೆಯೊಳಗೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಿದ್ದ.

ಎಲ್ಲಕ್ಕೂ ಮೇಲಿನ ಒಳಕೋಟೆ ಬಾಲೇಕಿಲ್ಲಾದಲ್ಲಿ ನೆತ್ತಿ, ಶಿಖರ, ಕೋಡುಗಲ್ಲುಗಳ ಪಾಠಕ್ಕೆ ನಾವು ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ, ಕಾಕಾ ದಕ್ಷಿಣಕ್ಕೆ ಮುಖ ಮಾಡಿ, "ನಮ್ಮೂರ ಗುಡ್ಡಕ್ಕ ನಾವು ಬರೇ ಗುಡ್ಡ ಅಂತಿದ್ವಿ ನೋಡ್ರಿ. ಅದರ ಓರೆಗೆ, ಕೊರಕಲಿಗೆ ಹಿರ್ಯಾರು ಏನಂತಿದ್ರೋ, ಕೇಳಲೇ ಇಲ್ಲ" ಎಂದರು. ಆ ಗುಡ್ಡದ ಮೇಲೆ ಈಗ ಬಡಾವಣೆ ಎದ್ದಿದೆಯಂತೆ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆದರೆ ಇಳಿಯುವಾಗ ಹತ್ತಿದ್ದಕ್ಕಿಂತ ಹೆಚ್ಚು ಕಡೆ ನಿಂತರು.

ಇಂದು ಬೆಳಿಗ್ಗೆ ಕಾಕಾ ಗುಂಪಿಗೆ ಸಂದೇಶ ಕಳಿಸಿದ್ದಾರೆ: ಮುಂದಿನದು ಕಳಸೂಬಾಯಿ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರ್. ಅಲ್ಲಿ ಬಂಡೆಗಳಿಗೆ ಕಬ್ಬಿಣದ ಏಣಿಗಳಿವೆ. ಏಣಿಯಲ್ಲಿ ನಾನು ಅವರಿಗಿಂತ ಮುಂದಿರಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡಿದ್ದೇನೆ.